ಒಡವೆ ಎಂದರೆ ಚಿನ್ನ ಮಾತ್ರವೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಬಹುಪಾಲು 'ಒಡವೆ' ಎಂಬ ಒಂದೇ ಪದದ ಸುತ್ತ ತಿರುಗಿವೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇಲ್ಲಿ ಅವುಗಳನ್ನೂ, ಸ್ವತ್ತು, ಚಿನ್ನ, ಹಳೆಯ ಕಾಗದಗಳ ಬಗ್ಗೆ ಬಂದ ಕೆಲವನ್ನೂ ಅಷ್ಟೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಮನೆಯ ಹಳೆಯ ಪಾಲುಪಟ್ಟಿಯಲ್ಲಿ "ಕಂಚು, ತಾಮ್ರ, ದನಕರು, ಪೀಚೆಕತ್ತಿ ಮೊದಲಾದ ಒಡವೆಗಳನ್ನು ಉಭಯತ್ರರೂ ಸಮವಾಗಿ ಹಂಚಿಕೊಂಡಿರುತ್ತೇವೆ" ಎಂದು ಬರೆದಿದೆ. ಒಡವೆ ಎಂದರೆ ಚಿನ್ನದ ಆಭರಣ ತಾನೆ? ದನಕರು ಒಡವೆ ಹೇಗಾಗುತ್ತದೆ? ಬರೆದವರ ಕೈತಪ್ಪೇ?
ಓದುಗರು, ವಿರಾಜಪೇಟೆ

ಉತ್ತರ: ಕೈತಪ್ಪಲ್ಲ. ನಿಮ್ಮ ಪಾಲುಪಟ್ಟಿ ಬರೆದವರಿಗೆ ಪದದ ಹಳೆಯ ಅರ್ಥ ಚೆನ್ನಾಗಿ ಗೊತ್ತಿತ್ತು. ಒಡವೆ ಎಂದರೆ ಮೊದಲು ಸ್ವತ್ತು. ಒಬ್ಬರಿಗೆ ಸೇರಿದ್ದು, ಅವರು ಒಡೆತನ ನಡೆಸುವಂಥದ್ದು. ಪಾತ್ರೆಯೂ ಒಡವೆ, ಹಸುವೂ ಒಡವೆ, ಗೋಣಿಯಲ್ಲಿ ಕಟ್ಟಿಟ್ಟ ಕಾಳುಮೆಣಸೂ ಒಡವೆ. ಆಭರಣ ಎಂಬ ಅರ್ಥ ಆಮೇಲೆ ಬಂದು, ಮನೆಗೆ ಬಂದ ನೆಂಟ ಯಜಮಾನನಾದ ಹಾಗೆ, ಹಳೆಯದನ್ನು ಹೊರಗೆ ಹಾಕಿತು. ಫರ್ಡಿನೆಂಡ್ ಕಿಟ್ಟೆಲ್ ಅವರ 1894ರ ನಿಘಂಟಿನಲ್ಲಿ ಒಡಮೆ, ಒಡವೆ ಎರಡೂ ರೂಪಗಳಿವೆ. ಸ್ವತ್ತು, ಐಶ್ವರ್ಯ, ಆಭರಣ ಎಂಬ ಅರ್ಥಗಳೆಲ್ಲ ಒಟ್ಟಿಗೇ ಇವೆ.

ಇದಕ್ಕಿಂತ ಹಳೆಯ ಸಾಕ್ಷಿ ಬೇಕೆಂದರೆ 12ನೇ ಶತಮಾನದ ಅಲ್ಲಮಪ್ರಭುವಿನ ವಚನವನ್ನು ನೋಡಬೇಕು. ಭೂಮಿ ನಿನ್ನದಲ್ಲ, ಹೇಮ ನಿನ್ನದಲ್ಲ ಎಂದು ಹೊರಟು, "ನಿನ್ನ ಒಡವೆಯೆಂಬುದು ಜ್ಞಾನರತ್ನ" ಎನ್ನುತ್ತಾನೆ. ಇಲ್ಲಿ ಒಡವೆ ಎಂದರೆ ಆಭರಣ ಎಂದು ಓದಿದರೆ ಮಾತಿನ ಬಿಗಿಯೇ ಹೋಗುತ್ತದೆ. 'ನಿನ್ನದಲ್ಲ, ನಿನ್ನದಲ್ಲ' ಎಂದ ಮೇಲೆ 'ನಿನ್ನದು ಇದು' ಎನ್ನಬೇಕು; ಅದಕ್ಕೆ ಬಂದ ಪದ ಒಡವೆ. ಆದರೆ ಸ್ವಾರಸ್ಯ ನೋಡಿ: ಅದೇ ವಚನ ಮುಂದೆ ಆ ರತ್ನವನ್ನು 'ಅಲಂಕರಿಸಿದೆಯಾದಡೆ' ಎನ್ನುತ್ತದೆ. ಸ್ವತ್ತು ಎಂಬ ಅರ್ಥದಿಂದ ಹೊರಟು ತೊಡುವ ರತ್ನದ ಕಡೆ ಮಾತು ವಾಲುವುದು ಅಲ್ಲೇ ಕಾಣುತ್ತದೆ.

ಹಳೆಯ ಕಾಗದದಲ್ಲಿ ಈ ಪದ ಬಂದಾಗ ಯಾವ ಅರ್ಥ ಹಿಡಿಯಬೇಕು ಎನ್ನುವುದು ನಿಜವಾದ ತೊಡಕು. ಅದಕ್ಕೆ ಸುತ್ತಲಿನ ಮಾತು ನೋಡಬೇಕು. ಪಟ್ಟಿಯ ಕೊನೆಯಲ್ಲಿ 'ಮೊದಲಾದ', 'ಮುಂತಾದ', 'ಸಹ ಇರುವ' ಎಂಬ ಪದಗಳ ಬೆನ್ನಿಗೆ ಒಡವೆ ಬಂದರೆ ಅದು ಒಟ್ಟು ಸ್ವತ್ತು. ಹಿಂದಿನ ಎಲ್ಲ ಸಾಮಾನೂ ಅದರ ಹೊಟ್ಟೆಯೊಳಗೆ. ಪಕ್ಕದಲ್ಲೇ ವಸ್ತ್ರ ಇದ್ದರೆ, ಮುಂದೆ ತೊಲ, ಪವನು, ಗುಲಗಂಜಿ ಎಂದು ತೂಕ ಬಂದರೆ, ತೊಡಿಸು, ಹಾಕು, ಕಳಚು ಎಂಬ ಕ್ರಿಯೆ ಸೇರಿದ್ದರೆ ಅದು ಆಭರಣ. 'ಅಡವು ಇಟ್ಟ ಒಡವೆ' ಎಂದಿದ್ದರೆ ಎರಡೂ ಆಗಬಹುದು, ಕಂಚಿನ ಕೊಪ್ಪರಿಗೆಯನ್ನೂ ಅಡವಿಡುತ್ತಿದ್ದರು. ಆಗ ಸಾಲದ ಮೊತ್ತ ನೋಡಿ ತೀರ್ಮಾನಿಸಿ.

ನಿಮ್ಮ ಪಟ್ಟಿಯಲ್ಲಿರುವ ಪೀಚೆಕತ್ತಿ ಇನ್ನೊಂದು ಗಮ್ಮತ್ತಿನ ವಸ್ತು. ಕೆಂಪು ರೇಷ್ಮೆಯ ಚೇಲೆಗೆ, ಅಂದರೆ ನಡುಕಟ್ಟಿಗೆ, ಸಿಕ್ಕಿಸುವ ಆ ಸೊಂಟದ ಕತ್ತಿಗೆ ಒರೆಯ ಮೇಲೆ ಬೆಳ್ಳಿ, ಕೆಲವಕ್ಕೆ ಚಿನ್ನದ ಕೆಲಸವೂ ಇರುತ್ತದೆ. ಆಯುಧವೆನ್ನಿ, ಆಭರಣವೆನ್ನಿ, ಹಳೆಯ ಅರ್ಥದ ಒಡವೆಗೆ ಎರಡೂ ಒಗ್ಗುತ್ತದೆ. ಇವತ್ತು ಅದೇ ಪಟ್ಟಿಯನ್ನು ಹೊಸದಾಗಿ ಬರೆಸುವುದಾದರೆ ಮಾತ್ರ 'ಒಡವೆ' ಎಂದು ಬಿಟ್ಟುಬಿಡಬೇಡಿ. 'ಚರ ಸ್ವತ್ತು' ಎಂದು ಬರೆದು, ಚಿನ್ನ ಬೆಳ್ಳಿಗೆ ಬೇರೆ ಕಲಮು ಮಾಡಿ. ಈಗಿನ ಕಿವಿಗೆ ಒಡವೆ ಎಂದರೆ ಚಿನ್ನವೇ. ನಾಳೆ ದನದ ಕೊಟ್ಟಿಗೆಯ ಪಾಲಿಗೆ ತಕರಾರು ಬಂದರೆ ನಿಘಂಟು ಹಿಡಿದು ವಾದ ಮಾಡುವ ಪಾಡು ಬೇಡ.

ಪ್ರಶ್ನೆ: ಒಡವೆಯನ್ನು 'ಉಡುವುದು' ಎಂಬುದರಿಂದ ಬಂದದ್ದು ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಸಹೋದ್ಯೋಗಿಯೊಬ್ಬರು 'ಒಡಹುಟ್ಟು, ಒಡನಾಡಿ' ಎಂಬಲ್ಲಿರುವ ಒಡ ಎನ್ನುತ್ತಾರೆ. ಯಾವುದು ಸರಿ?
ಶಿಕ್ಷಕಿ, ಗೋಣಿಕೊಪ್ಪ

ಉತ್ತರ: ಎರಡೂ ಅಲ್ಲ. ಆದರೆ ಇಬ್ಬರೂ ಜಾರಿದ ಜಾಗ ಜಾರುವಂಥದ್ದೇ.

ನಿಮ್ಮ ಊರಿನಿಂದ ಕುಟ್ಟದ ಕಡೆ ಹೋಗಿ, ವಯನಾಡಿನ ಗಡಿ ದಾಟಿದರೆ ಮನೆಯ ಯಜಮಾನನಿಗೆ ಉಡಮಸ್ಥನ್ ಎನ್ನುತ್ತಾರೆ. ಮಲಯಾಳದ ಉಡಮ ಎಂದರೆ ಒಡೆತನ. ತಮಿಳಿನಲ್ಲಿ ಅದೇ ಉಡೈಮೈ, ಸ್ವತ್ತು. ಉಡೈಯವನ್ ಎಂದರೆ ಸ್ವತ್ತುಳ್ಳವನು. ಕನ್ನಡದಲ್ಲಿ ಇವಕ್ಕೆ ಜೋಡಿ ಒಡಮೆ, ಒಡೆಯ. ಅಂದರೆ ಒಡವೆ, ಒಡೆಯ, ಒಡತಿ, ಒಡೆತನ ಎಲ್ಲವೂ ಒಂದೇ ಬೇರಿನವು. ಮೈಸೂರಿನ ಒಡೆಯರೂ ಮದುಮಗಳ ಒಡವೆಯೂ ದಾಯಾದಿಗಳು. ಹೊಂದುವುದು, ತನ್ನದಾಗಿ ಇಟ್ಟುಕೊಳ್ಳುವುದು ಬೇರಿನ ಅರ್ಥ.

ತಮಿಳು ಮಲಯಾಳದ ಉ ಕನ್ನಡದಲ್ಲಿ ಒ ಆಗಿ ನಿಲ್ಲುವುದು ಅಲ್ಲಿಲ್ಲಿ ಕಾಣುವ ಆಕಸ್ಮಿಕವಲ್ಲ, ನಿಯಮ. ಮುಂದಿನ ಅಕ್ಷರದಲ್ಲಿ ಅ ಅಥವಾ ಐ ಇದ್ದರೆ ಹೀಗಾಗುತ್ತದೆ. ತಮಿಳಿನ ಕುಡೈ ನಮ್ಮ ಕೊಡೆ. ತುಡೈ ತೊಡೆ. ಪುಗೈ ಹೊಗೆ. ಉಡಲ್ ಒಡಲು, ಉರಲ್ ಒರಳು. ತರಗತಿಯಲ್ಲಿ ಮಲಯಾಳ ಮನೆಮಾತಿನ ಮಕ್ಕಳಿದ್ದರೆ ಕುಡ, ತುಡ, ಪುಗ ಎಂದು ಅವರ ಬಾಯಿಂದಲೇ ಹೇಳಿಸಿ, ಎದುರಿಗೆ ಕನ್ನಡದ್ದನ್ನು ಬರೆಸಿ. ಐದು ನಿಮಿಷದಲ್ಲಿ ನಿಯಮ ತಾನಾಗಿ ಬೋರ್ಡಿನ ಮೇಲೆ ಎದ್ದುನಿಲ್ಲುತ್ತದೆ.

ಈಗ ಉಡು. ಇದರಲ್ಲಿ ಮುಂದಿನ ಅಕ್ಷರ ಡು, ಸ್ವರ ಉ. ಹಾಗಾಗಿ ನಿಯಮ ತಾಗುವುದಿಲ್ಲ. ಉಡುಗೆ, ಉಡುಪು ಎಲ್ಲ ಉಕಾರದಲ್ಲೇ ಉಳಿದಿವೆ. ಬಳಕೆಯೂ ಒಪ್ಪುವುದಿಲ್ಲ. ಸೀರೆಯನ್ನು ಉಡುತ್ತೇವೆ, ಹೂವನ್ನು ಮುಡಿಯುತ್ತೇವೆ, ಬಳೆಯನ್ನು ತೊಡುತ್ತೇವೆ. ಒಡವೆಯನ್ನು ಯಾರೂ ಉಡುವುದಿಲ್ಲ. ನೇರವಾಗಿ ಆಭರಣಕ್ಕೆಂದೇ ಕನ್ನಡದಲ್ಲಿದ್ದ ಹಳೆಯ ಪದ ತೊಡು ಎಂಬುದರಿಂದ ಬಂದ ತೊಡವು, ತೊಡಿಗೆ. ಒಡವೆ, ತೊಡವು ಪ್ರಾಸದಂತೆ ಕೇಳಿಸುವುದೂ ಗೊಂದಲಕ್ಕೆ ಒಂದು ಕಾರಣವಿರಬೇಕು. ತೊಡವು ಕಾವ್ಯದ ಪುಟಗಳಲ್ಲಿ ಉಳಿಯಿತು, ಮನೆಮಾತಿನಲ್ಲಿ ಅದರ ಜಾಗದಲ್ಲಿ ಒಡವೆ ಬಂದು ಕುಳಿತಿತು.

ಒಡಹುಟ್ಟು, ಒಡನಾಡಿ, ಒಡನೆ ಇವುಗಳ ಒಡ ಎಂದರೆ ಜೊತೆ. ತಮಿಳಿನಲ್ಲಿ ಇದು ಉಡನ್, ಹೊಂದುವುದು ಉಡೈ; ಕೊನೆಯಕ್ಷರದಲ್ಲೇ ದಾರಿ ಬೇರೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶವೂ (1961, ಪರಿಷ್ಕೃತ ಮುದ್ರಣ 1984) ಇವೆರಡನ್ನು ಬೇರೆ ಬೇರೆ ತಲೆಬರಹದಲ್ಲಿ ಇಡುತ್ತದೆ. ಎಮೆನೋ 1930ರ ದಶಕದಲ್ಲಿ ಕೊಡವ ಭಾಷೆಯ ಮೇಲೆ ಕ್ಷೇತ್ರಕಾರ್ಯ ಮಾಡಿದವರು ಎಂಬುದನ್ನೂ ಮಕ್ಕಳಿಗೆ ಹೇಳಬಹುದು. ಇನ್ನು ಒಡೆ, ಅಂದರೆ ಚೂರಾಗು, ಮೂರನೆಯದು. ತೆಂಗಿನಕಾಯಿ ಒಡೆಯುವುದಕ್ಕೂ ಒಡೆಯನಿಗೂ ಸಂಬಂಧ ಹುಡುಕಬೇಡಿ.

ಒಡಮೆ ಒಡವೆ ಆದದ್ದು ಹೇಗೆ? ಕೊನೆಯ ಮೆ ಜಾಣ್ಮೆ, ದುಡಿಮೆ, ತಾಳ್ಮೆಯಲ್ಲಿರುವ ಅದೇ ಮೆ. ಎರಡು ಸ್ವರಗಳ ನಡುವೆ ಮಕಾರ ಸಡಿಲವಾಗಿ ವಕಾರವಾಯಿತು. ಕಣ್ಣಿನ ಎಮೆ ಎವೆಯಾದ ಹಾಗೆ.

ಪ್ರಶ್ನೆ: ಹಳೆಯ ಕಾಗದದಲ್ಲಿ 'ವೊಡಮೆ' ಎಂದೂ ಇನ್ನೊಂದರಲ್ಲಿ 'ವಡವೆ' ಎಂದೂ ಇದೆ. ನಿಘಂಟಿನಲ್ಲಿ ಎರಡೂ ಸಿಗಲಿಲ್ಲ.
ಓದುಗರು, ನಾಪೋಕ್ಲು

ಉತ್ತರ: ಹುಡುಕಿದ ಮನೆ ತಪ್ಪು. ನಿಘಂಟಿನಲ್ಲಿ ಒಕಾರಕ್ಕೆ ಹೋಗಿ, ಅಲ್ಲಿ ಒಡಮೆ, ಒಡವೆ ಎರಡನ್ನೂ ನೋಡಿ. ಪದದ ಮೊದಲಲ್ಲಿ ಒ ಬಂದಾಗ ಬಾಯಿ ತಾನಾಗಿ ಒಂದು ವಕಾರವನ್ನು ಸೇರಿಸುತ್ತದೆ. ಹಳಬರು ಕೇಳಿದ ಹಾಗೆ ಬರೆದರು: ವೊಡವೆ, ವೊಡೆಯರು, ವೊಪ್ಪಿಗೆ. ಆಡುಮಾತಿನಲ್ಲಿ ಅದು ಇನ್ನೂ ಸವೆದು ವಡವೆ, ವಡೇರು ಆಯಿತು. ಒಡೆಯರ್ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲಿಗೆ ಡಬ್ಲ್ಯು ಬಂದದ್ದೂ ಇದೇ ದಾರಿಯಲ್ಲಿ.

ಕೈಬರಹ ಓದುವಾಗ ಒಂದು ಎಚ್ಚರ. ಮೆ ಮತ್ತು ವೆಗೆ ಇರುವ ವ್ಯತ್ಯಾಸ ಬಲಗಡೆಯ ಒಂದು ಕೊಂಡಿ ಮಾತ್ರ. ಶಾಯಿ ಹರಡಿದರೆ, ಮಡಿಕೆಯ ಗೆರೆ ಅಲ್ಲೇ ಹಾದುಹೋಗಿದ್ದರೆ ಕೊಂಡಿ ಮಾಯವಾಗುತ್ತದೆ. ಕೊಡಗಿನ ಮಳೆಗಾಲ ಕಂಡ ಕಾಗದಕ್ಕೆ ಇದು ಹೊಸದಲ್ಲ. ಅದೇ ಕೈಯವರು ಬರೆದ, ಅನುಮಾನವಿಲ್ಲದ ಪದಗಳನ್ನು ಅದೇ ಹಾಳೆಯಲ್ಲಿ ಹುಡುಕಿ: 'ಮನೆ', 'ಮೇಲೆ' ಎಂಬಲ್ಲಿ ಮಕಾರ ಹೇಗಿದೆ, 'ವರ್ಷ' ಎಂಬಲ್ಲಿ ವಕಾರ ಹೇಗಿದೆ ನೋಡಿ, ಎದುರುಬದುರು ಇಟ್ಟು ಓದಿ. ನಕಲು ಮಾಡುವಾಗ ಕಾಗುಣಿತ ತಿದ್ದಬೇಡಿ. ವೊಡಮೆ ಎಂದಿದ್ದರೆ ವೊಡಮೆ ಎಂದೇ ಬರೆದು, ಪಕ್ಕದ ಅಂಚಿನಲ್ಲಿ ನಿಮ್ಮ ಓದು ಗುರುತಿಸಿ. ತಿದ್ದಿ ಬರೆದ ನಕಲು ಕೈಯಿಂದ ಕೈಗೆ ಹೋದ ಮೇಲೆ ಮೂಲದಲ್ಲಿ ಏನಿತ್ತೆಂಬುದೇ ಕಳೆದುಹೋಗುತ್ತದೆ.

ಪ್ರಶ್ನೆ: ಅಜ್ಜಿಯ ಮದುವೆಯ ಒಡವೆ ಪಟ್ಟಿಯಲ್ಲಿ 'ಜೋಮಾಲೆ 1, ತೂಕ 3 ತೊಲ' ಎಂದಿದೆ. ಈಗ ಅಂಗಡಿಯಲ್ಲಿ ಅಷ್ಟು ಚಿನ್ನ ಇಲ್ಲ ಎನ್ನುತ್ತಾರೆ. ಯಾರು ಸುಳ್ಳು, ಪಟ್ಟಿಯೋ ಅಂಗಡಿಯೋ? ಕೆಳಗೆ 'ಪತ್ತಾಕ್ 1 ಪವನು' ಎಂದೂ '2 ತೊಲ 24 ಗುಲಗಂಜಿ' ಎಂದೂ ಇದೆ. ಗ್ರಾಂನಲ್ಲಿ ಎಷ್ಟು?
ಓದುಗರು, ಪೊನ್ನಂಪೇಟೆ

ಉತ್ತರ: ಇಬ್ಬರೂ ನಿಜ ಹೇಳುತ್ತಿರಬಹುದು. ಪಟ್ಟಿ ಹೇಳುವುದು ಒಡವೆಯ ತೂಕವನ್ನು, ಅಂಗಡಿ ಹೇಳುವುದು ಚಿನ್ನದ ತೂಕವನ್ನು.

ಜೋಮಾಲೆ ಎಂದರೆ ಕೊಡವರ ಚಿನ್ನದ ಗುಂಡಿನ ಸರ. ಅದರ ಗುಂಡುಗಳು ಗಟ್ಟಿ ಚಿನ್ನವಲ್ಲ. ತೆಳುವಾದ ತಗಡನ್ನು ಗುಂಡಾಗಿ ಬಗ್ಗಿಸಿ, ಒಳಗೆ ಅರಗು ತುಂಬುತ್ತಾರೆ. ಅರಗಿಲ್ಲದಿದ್ದರೆ ಬೆರಳಲ್ಲಿ ಒತ್ತಿದರೂ ತಗ್ಗು ಬೀಳುವಷ್ಟು ತೆಳು ಅದು. 3 ತೊಲ ಎಂದರೆ ಸುಮಾರು 35 ಗ್ರಾಂ; ಅದರಲ್ಲಿ ಅರಗು, ದಾರ ಎಲ್ಲ ಸೇರಿದೆ. ಚಿನ್ನವೆಷ್ಟು ಎಂದು ತಿಳಿಯಲು ಒರೆಗಲ್ಲಿಗೆ ಉಜ್ಜಿದರೆ ಮೇಲ್ಮೈಯ ಶುದ್ಧತೆ ಗೊತ್ತಾಗುತ್ತದೆ, ತೂಕವಲ್ಲ. ಅಂಗಡಿಯ ಎಕ್ಸ್‌ರೇ ಯಂತ್ರವೂ ಮೇಲ್ಪದರವನ್ನೇ ನೋಡುವುದು. ನೀರಿನಲ್ಲಿ ಮುಳುಗಿಸಿ ತೂಗುವ ಲೆಕ್ಕವೂ ಇಲ್ಲಿ ಕೈಕೊಡುತ್ತದೆ: ಅರಗಿಗೆ ಪುಡಿ ಬೆರೆಸಿರುತ್ತಾರೆ, ಎಷ್ಟೆಂದು ತಿಳಿಯದು; ದಾರದ ತೂತಿನೊಳಗೆ ನೀರೂ ಹೋಗುತ್ತದೆ. ಸರಿಯಾದ ದಾರಿ ಒಂದೇ. ಒಂದು ಗುಂಡನ್ನು ಬಿಡಿಸಿ ತೂಗಿ, ಅರಗು ಕರಗಿಸಿ ತೆಗೆದು ಮತ್ತೆ ತೂಗಿ, ಸಿಕ್ಕ ತೂಕವನ್ನು ಗುಂಡುಗಳ ಸಂಖ್ಯೆಯಿಂದ ಗುಣಿಸಬೇಕು. ಗುಂಡುಗಳು ಒಂದೇ ಅಳತೆಯವಾಗಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ, ಒಂದು ಗುಂಡು ಹಾಳಾಗುವುದೂ ಖಂಡಿತ. ಮಾರುವ ಯೋಚನೆ ಇಲ್ಲದಿದ್ದರೆ ಯಾಕೆ ಬೇಕು? ಬಿಸಿನೀರು, ಬಿಸಿಲು, ಹೇರ್ ಡ್ರೈಯರ್ ಹತ್ತಿರ ಮಾತ್ರ ಸುಳಿಯಗೊಡಬೇಡಿ. ಅರಗು ಮೆತ್ತಗಾದರೆ ತಗಡು ಕುಸಿಯುತ್ತದೆ.

ಪವನು ಎಂದರೆ ಈಗಿನ ಲೆಕ್ಕದಲ್ಲಿ 8 ಗ್ರಾಂ. ಮೂಲದಲ್ಲಿ ಅದು ಬ್ರಿಟಿಷರ ಸವರನ್ ನಾಣ್ಯ. ಅದರ ತೂಕ 7.988 ಗ್ರಾಂ, 22 ಕ್ಯಾರೆಟ್, ಅಪ್ಪಟ ಚಿನ್ನ 7.32 ಗ್ರಾಂ. ಮದುವೆಯಲ್ಲಿ ತಾಯಿ ಮಗಳಿಗೆ ಕೊಡುವ ಪತ್ತಾಕ್‌ನಲ್ಲಿ ನಡುವೆ ಇಂಥ ನಾಣ್ಯವೇ ಕುಳಿತಿರುವುದುಂಟು, ಸುತ್ತ ಕೆಂಪು ಹರಳು, ಮೇಲೆ ನಾಗನ ಹೆಡೆ. ಹಾಗಾಗಿ 'ಪತ್ತಾಕ್ 1 ಪವನು' ಎಂದರೆ ಇಡೀ ಪದಕದ ತೂಕ ಎಂದುಕೊಳ್ಳಬೇಡಿ. ಒಂದು ನಾಣ್ಯ ಕಟ್ಟಿದ ಪತ್ತಾಕ್ ಎಂದಿರಬಹುದು. ತೂಗಿ ನೋಡಿದಾಗ 8 ಗ್ರಾಂಗಿಂತ ಹೆಚ್ಚು ಬಂದರೆ ಅರ್ಥ ಇದೇ.

ಒಂದು ತೊಲ 11.66 ಗ್ರಾಂ, ಅದರಲ್ಲಿ 96 ಗುಲಗಂಜಿ. ಒಂದು ಗುಲಗಂಜಿ ಸುಮಾರು 0.12 ಗ್ರಾಂ. ನಿಮ್ಮ 2 ತೊಲ 24 ಗುಲಗಂಜಿ ಎಂದರೆ ಎರಡೂಕಾಲು ತೊಲ, 26.24 ಗ್ರಾಂ. ಇದು ಸರ್ಕಾರಿ ತೊಲದ ಲೆಕ್ಕ. ಗುಲಗಂಜಿ ಕಾಡಿನ ಬೀಜ. ಹಳೆಯ ಅಕ್ಕಸಾಲಿಗರ ಲೆಕ್ಕ ಊರಿಂದೂರಿಗೆ ಸ್ವಲ್ಪ ಆಚೀಚೆ ಆಗುತ್ತಿತ್ತು. ಪಟ್ಟಿಯಲ್ಲಿರುವ ಒಂದಾದರೂ ಗಟ್ಟಿ ಒಡವೆ, ಬಳೆಯೋ ಉಂಗುರವೋ, ಈಗಲೂ ಮನೆಯಲ್ಲಿದ್ದರೆ ಅದನ್ನು ತೂಗಿ ತಾಳೆ ನೋಡಿ. ಉಳಿದವಕ್ಕೂ ಅದೇ ಲೆಕ್ಕ ಹಿಡಿಯಿರಿ. ತೊಟ್ಟು ಸವೆದ ಬಳೆ ಸ್ವಲ್ಪ ಕಡಿಮೆಯೇ ತೂಗುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: 'ಒಡವೆ ವಸ್ತು' ಸರಿಯೋ, 'ಒಡವೆ ವಸ್ತ್ರ' ಸರಿಯೋ? ನಗ, ನಗದು ಒಂದೇ ಮೂಲದವೇ?
ಓದುಗರು, ಮಡಿಕೇರಿ

ಉತ್ತರ: ಎರಡೂ ಸರಿ, ಅರ್ಥ ಬೇರೆ. ಒಡವೆ ವಸ್ತ್ರ ಎಂದರೆ ಆಭರಣ ಮತ್ತು ಬಟ್ಟೆ. ಒಡವೆ ವಸ್ತು ಎಂಬುದು ಜೋಡುನುಡಿ, ಎರಡೂ ಒಂದೇ. ವಸ್ತು ಎಂಬ ಪದಕ್ಕೇ ಕನ್ನಡದ ಮನೆಮಾತಿನಲ್ಲಿ ಆಭರಣ ಎಂಬ ಅರ್ಥವಿದೆ. 'ಮೈಮೇಲೆ ಒಂದು ವಸ್ತು ಇಲ್ಲ' ಎಂದರೆ ಕಿವಿ, ಕತ್ತು ಬರಿದಾಗಿದೆ ಎಂದೇ.

ಇಲ್ಲಿ ನಿಂತು ನೋಡಬೇಕಾದ ಸಂಗತಿ ಒಂದಿದೆ. ಒಡವೆ ಎಂದರೆ ಸ್ವತ್ತು, ಆಮೇಲೆ ಆಭರಣ. ವಸ್ತು ಎಂದರೆ ಪದಾರ್ಥ, ಆಮೇಲೆ ಆಭರಣ. ನಗ ಮರಾಠಿ ಕಡೆಯಿಂದ ಬಂದದ್ದು. ಅಲ್ಲಿ ನಗ ಎಂದರೆ ಎಣಿಸುವ ಒಂದು ಸಾಮಾನು, ಐದು ನಗ ಎಂದರೆ ಐದು ಅದದು. ಕನ್ನಡದಲ್ಲಿ ಅದೂ ಆಭರಣವಾಯಿತು. ಮಲಯಾಳದ ಪಂಡಂ ಸಂಸ್ಕೃತದ ಭಾಂಡದಿಂದ ಬಂದದ್ದು, ತಮಿಳಿನಲ್ಲಿ ಇನ್ನೂ ಬರೀ ಸರಕು. ಮಲಯಾಳದಲ್ಲಿ ಪಂಡಂ ಪಣಯ ಎಂದರೆ ಚಿನ್ನ ಅಡವಿಡುವುದು. ನಾಲ್ಕು ಪದ, ನಾಲ್ಕು ಹುಟ್ಟು, ಹೋಗಿ ಸೇರಿದ್ದು ಒಂದೇ ಕಡೆ. ಯಾಕೆಂದರೆ ಮನೆಯ ಸ್ವತ್ತುಗಳಲ್ಲಿ ಮೈಮೇಲೆ ಹೊತ್ತು ತರಬಹುದಾದದ್ದು, ತೂಗಿ ಪಾಲು ಮಾಡಬಹುದಾದದ್ದು, ಕಷ್ಟ ಬಂದ ದಿನ ಹಣವಾಗುವುದು ಅದೊಂದೇ. ತವರಿನಿಂದ ಹೆಣ್ಣಿನ ಜೊತೆ ಬರುವ ಸ್ವತ್ತು ಎಂದರೂ ಬಹುಪಾಲು ಅದೇ. ಗದ್ದೆಯನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸಲಾಗದು. 'ಅವಳ ಒಡವೆ' ಎಂದು ಅವಳ ಸ್ವತ್ತನ್ನು ಕರೆಯುತ್ತ ಕರೆಯುತ್ತ, ಪದ ಕೊಕ್ಕೆತಾತಿ ಸರಕ್ಕೂ ಕಡಗಕ್ಕೂ ಅಂಟಿಕೊಂಡಿತು ಎನ್ನುವುದು ನಮ್ಮ ಎಣಿಕೆ.

ನಗದು ಬೇರೆ. ಅದು ಅರಬ್ಬಿಯ ನಕ್ದ್, ಕೈಯಲ್ಲಿ ಎಣಿಸಿಕೊಡುವ ರೊಕ್ಕ. ನಗನಾಣ್ಯದ ನಾಣ್ಯ ಸಂಸ್ಕೃತದ ನಾಣಕ. ಅಂದರೆ 'ನಗನಾಣ್ಯ ನಗದು' ಎಂದಾಗ ಮೂರು ಕಡೆಯ ಮಾತು ಒಂದೇ ಸಾಲಿನಲ್ಲಿ ಕುಳಿತಿವೆ. ಸೊತ್ತು ಯಾವುದು ಎಂದು ಮುಂದಿನ ಪತ್ರ ಬರುವ ಮೊದಲೇ ಹೇಳಿಬಿಡುತ್ತೇವೆ: ಸಂಸ್ಕೃತದ ಸ್ವತ್ವ, ತನ್ನದು ಎಂಬ ಭಾವ, ಸ್ವತ್ತು, ಸೊತ್ತು ಎಂದು ಸವೆದದ್ದು.

ಪ್ರಶ್ನೆ: ಕಂದಾಯದ ಕಾಗದದಲ್ಲಿ ಒಮ್ಮೆ 'ಜಮ್ಮಾ' ಎಂದೂ ಇನ್ನೊಮ್ಮೆ 'ಜಮಾ' ಎಂದೂ ಇದೆ. ಒಂದೇ ಅಲ್ಲವೇ?
ಓದುಗರು, ಸೋಮವಾರಪೇಟೆ

ಉತ್ತರ: ಅಲ್ಲವೇ ಅಲ್ಲ, ಇದನ್ನು ಕಲಸಿದರೆ ಹಣದ ಲೆಕ್ಕವೇ ತಪ್ಪುತ್ತದೆ. ಜಮ್ಮಾ ಸಂಸ್ಕೃತದ ಜನ್ಮ. ಮಲಯಾಳದಲ್ಲಿ ಜನ್ಮಂ, ಅದರ ಒಡೆಯ ಜನ್ಮಿ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ನಡೆದುಬಂದ ಹಿಡುವಳಿ ಅದು. ಸಾಗು, ಅಂದರೆ ಸಾಮಾನ್ಯ ಹಿಡುವಳಿಯ ಜಮೀನಿಗೆ 100 ಭಟ್ಟಿಗೆ (ಭಟ್ಟಿ ನೆಲದ ಅಳತೆ) 10 ರೂಪಾಯಿ ಕಂದಾಯವಿದ್ದ ಕಾಲದಲ್ಲಿ ಜಮ್ಮಾಕ್ಕೆ 5 ರೂಪಾಯಿ. ಅರ್ಧ ಕಂದಾಯಕ್ಕೆ ಬದಲಾಗಿ ಅರಸನ ಸೇವೆಯ ಹೊಣೆ. ಜಮಾ ಅರಬ್ಬಿಯದು, ಕೂಡಿದ ಮೊತ್ತ: ಜಮಾಬಂದಿ, ಜಮಾಖರ್ಚು. ಪದದ ಎದುರು ಅಂಕಿ ರೂಪಾಯಿಯಲ್ಲಿದ್ದರೆ ಬಹುಮಟ್ಟಿಗೆ ಜಮಾ. ಭಟ್ಟಿ, ಎಕರೆ, ಸರ್ವೆ ನಂಬರು ಇದ್ದರೆ ಜಮ್ಮಾ. ಒತ್ತಕ್ಷರ ಅಳಿಸಿಹೋಗಿದ್ದಾಗ ಈ ಗುರುತೇ ಗತಿ.

ಪ್ರಶ್ನೆ: ಕ್ರಯಪತ್ರದಲ್ಲಿ "ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ" ಎಂಬ ಮಂತ್ರದಂಥ ಸಾಲಿದೆ. ನಿಧಿ ಇತ್ತು ಎಂದು ಅರ್ಥವೇ?
ಓದುಗರು, ಕುಶಾಲನಗರ

ಉತ್ತರ: ಗುದ್ದಲಿ ಎತ್ತಿಕೊಳ್ಳಬೇಡಿ. ಇದು ಅಷ್ಟಭೋಗ ತೇಜಸ್ವಾಮ್ಯ ಎಂಬ ಹಳೆಯ ಪಾಠ, ಶಾಸನಗಳ ಕಾಲದಿಂದ ಬಂದದ್ದು. ಭೂಮಿಯ ಜೊತೆ ಸಿಗುವ ಎಂಟು ಹಕ್ಕುಗಳ ಪಟ್ಟಿ. ನಿಧಿ ಎಂದರೆ ನೆಲದಲ್ಲಿ ಹೂತಿದ್ದು, ನಿಕ್ಷೇಪ ಇಟ್ಟದ್ದು, ಜಲ ನೀರು, ಪಾಷಾಣ ಕಲ್ಲು. ಅಕ್ಷೀಣಿ ತಪ್ಪದೆ ಬರುತ್ತಿರುವ ಆದಾಯ, ಆಗಾಮಿ ಮುಂದೆ ಬರಬಹುದಾದದ್ದು. ಸಿದ್ಧ ಈಗಾಗಲೇ ಸಾಗುವಳಿಯಾದದ್ದು, ಸಾಧ್ಯ ಮುಂದೆ ಮಾಡಬಹುದಾದದ್ದು. ಇದ್ದರೂ ಇಲ್ಲದಿದ್ದರೂ ಎಂಟನ್ನೂ ಬರೆಯುತ್ತಿದ್ದರು. ಬರಹಗಾರರ ಕೈಗೆ ಪಾಠವಾಗಿದ್ದ ಸಾಲು, ಅಷ್ಟೆ. ಇವತ್ತು ನೆಲದಡಿಯ ನಿಧಿಗೆ, ಖನಿಜಕ್ಕೆ ಬೇರೆಯೇ ಕಾನೂನುಗಳಿವೆ. ಈ ಸಾಲು ತೋರಿಸಿ ಹಕ್ಕು ಕೇಳಲಾಗದು.

ಪ್ರಶ್ನೆ: ಕೊಡವ ಭಾಷೆಯ ಪೊನ್ನ್ ಮತ್ತು ಕನ್ನಡದ ಹೊನ್ನು, ಯಾವುದು ಹಳೆಯದು?
ವಿದ್ಯಾರ್ಥಿ, ಮಡಿಕೇರಿ

ಉತ್ತರ: ಪಕಾರದ್ದು. ಹಳಗನ್ನಡದಲ್ಲೂ ಪೊನ್ ಎಂದೇ ಇತ್ತು; ಆಮೇಲೆ ಕನ್ನಡದ ಪದಾದಿಯ ಪಕಾರ ಹಕಾರವಾಯಿತು, ಪಾಲ್ ಹಾಲಾಯಿತು. ಕೊಡವ ಭಾಷೆ ಪಕಾರವನ್ನು ಉಳಿಸಿಕೊಂಡಿದೆ. ಕೊಡಗಿನ ಸುಗ್ಗಿಹಬ್ಬ ಪುತ್ತರಿಯನ್ನು ಕನ್ನಡದವರು ಹುತ್ತರಿ ಎನ್ನುವುದರಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಪ್ರತಿ ವರ್ಷವೂ ಕೇಳಿಸುತ್ತದೆ. ಪವಳ, ಹವಳವೂ ಹಾಗೆಯೇ. ಅದರ ಮೂಲ ಮಾತ್ರ ಸಂಸ್ಕೃತದ ಪ್ರವಾಲ.

ಪ್ರಶ್ನೆ: ಹಿರಿಯರು 'ಬದುಕೆಲ್ಲ ಹೊಳೆ ಪಾಲಾಯಿತು' ಎನ್ನುತ್ತಿದ್ದರು. ಜೀವ ಹೋಯಿತು ಎಂದೇ?
ಓದುಗರು, ಶನಿವಾರಸಂತೆ

ಉತ್ತರ: ಅಲ್ಲ, ಸಾಮಾನು ಹೋಯಿತು. ಬದುಕು ಎಂದರೆ ಬಾಳು, ಬಾಳಲು ಬೇಕಾದ ದುಡಿಮೆ, ಆ ದುಡಿಮೆಯಿಂದ ಕೂಡಿದ ಆಸ್ತಿ. ಮೂರೂ ಅರ್ಥ ಕಿಟ್ಟೆಲ್ ನಿಘಂಟಿನಲ್ಲಿವೆ. ಪಾರ್ಸಿಯ ಜಿಂದಗಿಯೂ ಇದೇ ದಾರಿ ಹಿಡಿಯಿತು: ಅಲ್ಲಿ ಜೀವನ, ನಮ್ಮ ಹಳೆಯ ಕೋರ್ಟು ಕಾಗದಗಳಲ್ಲಿ 'ಸ್ಥಿರ ಜಿಂದಗಿ, ಚರ ಜಿಂದಗಿ' ಎಂದರೆ ಆಸ್ತಿ. ದನವೂ ಹಾಗೆಯೇ, ಸಂಸ್ಕೃತದ ಧನ ಕನ್ನಡದ ಕೊಟ್ಟಿಗೆಗೆ ಬಂದು ಹಸು, ಎತ್ತಾಯಿತು. ವಿರಾಜಪೇಟೆಯವರ ಪಾಲುಪಟ್ಟಿಯಲ್ಲಿ ದನಕರುಗಳು ಒಡವೆಯ ಸಾಲಿನಲ್ಲಿ ನಿಂತದ್ದಕ್ಕೆ ಇದೂ ಒಂದು ಸಮರ್ಥನೆ.